ಕುಣಿಮಗ್ಗ

ಇವತ್ತೂ ಕುಣಿಯೊಳಗ ಕಾಲು ಇಳಿಬಿಟ್ಟು ಕೂತಿದ್ದೆ, ಸ್ವಾಮಿ.
ಗುಳೇದಗುಡ್ಡದಾಗ ಇದೇನು ದೊಡ್ಡ ಮಾತಲ್ಲ.
ಟೊಂಕದಿಂದ ಕೆಳಗ ನೆಲದಾಗ,
ಟೊಂಕದಿಂದ ಮ್ಯಾಲ ಬೆಳಕಿನ್ಯಾಗ,
ಅರ್ಧ ಹೂಳಿಸಿಕೊಂಡೇ ಬಾಳೇವು ಮಾಡೋ ಮಂದಿ ನಾವು.

ಇವತ್ತು ಶನಿವಾರ.
ನಿನ್ನೆ ಶುಭ ಶುಕ್ರವಾರ, ಮೂರು ತಾಸು ದೇವಾಲಯದಾಗ ಕೂತು ಬಂದೆ.
ಏಳು ಮಾತಿನ ಮ್ಯಾಲ ಏಳು ಮಂದಿ ಬೋಧನಾ ಮಾಡಿದ್ರು.
ಯಾಕ ನನ್ನ ಕೈ ಬಿಟ್ಟಿ ಅನ್ನೋ ನಾಕನೇ ಮಾತು
ಈ ಸಲ ಪೋಸ್ಟಮನ್ ಸಮುವೇಲಪ್ಪನ ಪಾಲಿಗೆ ಬಂದಿತ್ತು.
ಐದೇ ನಿಮಿಷದಾಗ ಮುಗಿಸಿ ಕೂತ.
ಅಂವಗ ಹೇಳಾಕ ಬರಲಿಲ್ಲೋ,
ನಡುವ ನನ್ನ ಮಾರಿ ಕಂಡಿತೋ.

ಹೋದ ವರ್ಷ ಪಾಸ್ಟರು ಮನೀಗೆ ಬಂದಾಗ
ಚಾ ಕುಡದು, ಮಗ್ಗ ನೋಡಿ ಅಂದ್ರು:
"ದೇವರೂ ನೇಕಾರನೇ ತಾಯಿ.
ನಮಗೆ ಕಾಣೋದು ಬಟ್ಟೆಯ ಹಿಂದಿನ ಮಗ್ಗಲು,
ಬರೀ ಗಂಟು, ಜೋತುಬಿದ್ದ ಎಳೆ.
ಮೇಲಿಂದ ನೋಡೋ ಅವನಿಗೆ ಹೂವು ಕಾಣುತ್ತೆ."
ಒಳ್ಳೆಯವರು. ಉಡುಪಿ ಕಡೆಯವರು.
ಮಗ್ಗದಾಗ ಒಂದಿನಾನೂ ಕೂತವರಲ್ಲ.
ನಾ ಹೂಂ ಅಂದೆ.

ನಿನಗ ಖರೇ ಹೇಳ್ಲೇನು?
ಮೂವತ್ತು ವರ್ಷ ಖಣ ನೇಯ್ದೇನಿ.
ಆನಿಹೆಜ್ಜಿ ನೇಯೂಮುಂದ ಎಳಿ ಹರದ್ರ
ಲಾಳಿ ನಿಲ್ಲತೈತಿ, ಹಣಿಗಿ ನಿಲ್ಲತೈತಿ.
ಹರದ ತುದಿ ಹುಡುಕಿ, ಉಗುಳು ಹಚ್ಚಿ, ಹೊಸದು, ಗಂಟು ಹಾಕಿ
ಆಮ್ಯಾಲನ ಮುಂದಿನ ತುಳಿತ.
ಹೂವಿನ ಸಲುವಾಗಿ ಬೇಕಂತಲೇ ಎಳಿ ಹರಿಯೋ ನೇಕಾರನ್ನ
ನಮ್ಮ ಓಣ್ಯಾಗ ಯಾರೂ ಕೂಲಿಗೆ ಕರಿಯೂದಿಲ್ಲ.

ಅಕಿಗೆ ತಬಿಥಾ ಅಂತ ಹೆಸರಿಟ್ಟಾಕಿ ನಾನ.
ಯೊಪ್ಪದ ಆ ಹೆಣಮಗಳು ಅಂಗಿ ಹೊಲಿತಿದ್ಲು.
ಸತ್ತಾಗ, ಗಂಡ ಇಲ್ಲದ ಹೆಂಗಸರು ಅವನ್ನ ಹಿಡಕೊಂಡು ಅತ್ರು.
ಪೇತ್ರ ಬಂದ, ಏಳು ಅಂದ, ಎದ್ದು ಕೂತಳು.
ನಮ್ಮಾಕೀನೂ ಹೊಲಿತಿದ್ಲು. ಬೆರಳೂ ಸಣ್ಣು, ಹೊಲಿಗೀನೂ ಸಣ್ಣು.
ಬಾಗಲಕೋಟಿ ದವಾಖಾನಿ, ಎರಡನೇ ಮಾಳಿಗಿ,
ಹನ್ನೊಂದು ದಿನ ಡೆಂಗಿ.
ಸಭೆಯವರು ಸರದಿ ಹಚ್ಚಿ ಉಪವಾಸ ಮಾಡಿದ್ರು.
ಹನ್ನೆರಡನೇ ದಿನ ಬೆಳಕ ಹರಿಯೂಮುಂದ
ನರ್ಸಬಾಯಿ ಹೊರಗ ಹೋಗೂತನಕ ತಡದು
ಕಿವಿಯಾಗ ಅಂದೆ: ತಬಿಥಾ, ಏಳು.
ಇನ್ನೊಂದು ಸಲ ಅಂದೆ.
ಮೂರನೇ ಸಲ ಅನ್ನಲಿಲ್ಲ. ನಿನ್ನ ಮರ್ಯಾದಿ ಕಾದೆ.

ಅಕಿ ಹೊಲದ ಹದಿನಾರು ಕುಬಸ ಟ್ರಂಕಿನ್ಯಾಗ ಅದಾವು.
ಯಾವ ಪೇತ್ರಗ ತೋರಸ್ಲಿ?

ಅವರಪ್ಪ ಅಂದಿನಿಂದ ದೇವಾಲಯದ ಹೊಸ್ತಲಾ ತುಳದಿಲ್ಲ.
ಆದ್ರ ಪ್ರತಿ ರವಿವಾರ ಗಾಡಿ ಮ್ಯಾಲ ನನ್ನ ಕರಕೊಂಡು ಬಂದು
ಬೇವಿನ ಗಿಡದ ಕೆಳಗ ನಿಂದರ್ತಾನ.
ಮಳಿ ಬಂದ್ರ ಒಳಗ ಬರಂಗಿಲ್ಲ, ಮನೀಗೂ ಹೋಗಂಗಿಲ್ಲ.
ಬ್ಯಾಸರಾಗೂದಿಲ್ಲೇನು ಅಂತ ಒಂದಿನ ಕೇಳಿದೆ.
"ಒಳಗ ನೀ ಕೂಡ್ತಿ, ಹೊರಗ ನಾ ನಿಂದರ್ತೀನಿ.
ಅಂವ ಯಾವ ಬಾಗಲದಾಗ ಹೊಂಟ್ರೂ
ಒಬ್ಬರ ಕೈಗೆರೆ ಸಿಗಬೇಕಲ್ಲ."

ನಾ ಯಾಕ ಹೋಗ್ತೀನಿ, ನನಗೂ ನೆಟ್ಟಗ ಗೊತ್ತಿಲ್ಲ.
ಹಾಡು ಅರ್ಧಕ್ಕ ಗಂಟಲದಾಗ ನಿಲ್ಲತೈತಿ.
ನಿನ್ನ ಚಿತ್ತ ಅನ್ನೋ ಮಾತು ಬಂದಾಗ ತುಟಿ ಹೊಲಕೋತೀನಿ.
ರೊಟ್ಟಿ ಮುರದು ಕೊಡೂಮುಂದ ಮಾತ್ರ ಕೈ ಚಾಚತೀನಿ.
ಕೈಗೆ ರೂಢಿ ಐತಿ,
ಕತ್ತಲದಾಗೂ ಕಾಲಿಗೆ ಮಗ್ಗದ ಪಟ್ಟಿ ಸಿಗೂ ಹಂಗ.

ಶುಕ್ರವಾರಕ್ಕ ಏಳು ಮಂದಿ. ರವಿವಾರಕ್ಕ ಎಲ್ಲಾರೂ.
ಶನಿವಾರದ ಮ್ಯಾಲ ಯಾರೂ ಬೋಧನಾ ಮಾಡಂಗಿಲ್ಲ.
ಶನಿವಾರ ನೀ ಎಲ್ಲಿದ್ದಿ?
ಕುಣಿಯಾಗ.
ಟೊಂಕದ ಮಟ ಅಲ್ಲ, ತಲಿ ಮಟ.
ಅದೊಂದರ ಸಲುವಾಗಿ ನಿನ್ನ ಬಿಟ್ಟಿಲ್ಲ, ತಿಳಕೋ.

ಸಂಜೀಕ ಇಂವ ತಡಾಮಾಡಿ ಬಂದ.
ಬಚ್ಚಲದಾಗ ಭಾಳೊತ್ತು ಕೈ ತೊಳದ.
ಊಟಕ್ಕ ಕೂತಾಗ ನೋಡ್ತೀನಿ, ಉಗುರಿನ ಸಂದ್ಯಾಗ ಸುಣ್ಣ.
ನಸುಕಿನ್ಯಾಗ ಸಭೆಯವರೆಲ್ಲ ಗೋರಿಗಳ ನಡುವ ನಿಂತು
ಎದ್ದಾನ ಅಂತ ಹಾಡೋರು.
ಯಾರ ಗೋರಿಗೆ ಬಳದು ಬಂದಿ ಅಂತ ನಾ ಕೇಳಲಿಲ್ಲ.
ಇನ್ನೊಂದು ರೊಟ್ಟಿ ಹಾಕಿದೆ.
ಮೂರೂವರಿಗೆ ಅಲಾರಂ ಇಟ್ಟು,
ಗಾಡ್ಯಾಗ ಎಣ್ಣಿ ಐತೇನು ಅಂದೆ.
ತುಂಬಿಸೇನಿ, ಅಂದ.